ಮಠದ ಅಂಗಳದಲ್ಲಿ ಚೀನಾದ ವ್ಯಾಯಾಮಕ್ಕೂ ಸ್ಥಳವಿರಲಿ

ಸದ್ಭಕ್ತರ ಮುಂದೆ ಈ ತಿಂಗಳು ಒಂದು ಚರ್ಚೆಯ ವಿಷಯವನ್ನು ಇರಿಸುತ್ತಿದ್ದೇವೆ. ಕಳೆದ ಕಾರ್ತಿಕ ಮಾಸದಿಂದ ಪ್ರತಿದಿನ ಬೆಳಗಿನ ಪೂಜೆಗೆ ಮುನ್ನ ಮಠದ ಅಂಗಳದಲ್ಲಿ ಹತ್ತು ಹನ್ನೆರಡು ಜನ ಹಿರಿಯರು ಸಾಲಾಗಿ ನಿಂತು, ಎರಡೂ ಕೈಗಳನ್ನು ಮೆಲ್ಲನೆ ಆಕಾಶದತ್ತ ಎತ್ತಿ ಇಳಿಸುವುದನ್ನು ಭಕ್ತರು ಕಂಡಿದ್ದೀರಿ. ಅದು ಯಾವುದೋ ಹೊಸ ಆಸನವೆಂದು ಕೆಲವರು ತಿಳಿದರು. ಅದು ಚೀನಾ ದೇಶದ ‘ಚಿಗಾಂಗ್’ ಎಂಬ ಪದ್ಧತಿಗೆ ಸೇರಿದ ‘ಬಾದುವಾನ್‌ಜಿನ್’ ಎಂಬ ವ್ಯಾಯಾಮವೆಂದು ಗೊತ್ತಾದ ಮೇಲೆ ಆಕ್ಷೇಪಗಳು ಬರತೊಡಗಿದವು. “ನಮ್ಮಲ್ಲಿ ಯೋಗವಿಲ್ಲವೇ? ಶಿವಯೋಗದ ನೆಲದಲ್ಲಿ ಚೀನಾದವರ ಆಟವೇಕೆ? ಆಯುರ್ವೇದದ ವೈದ್ಯರೇ ಇದಕ್ಕೆ ಒಪ್ಪಿಗೆ ಕೊಡುವುದೇ?” ಎಂದು ಹಿರಿಯ ಭಕ್ತರೊಬ್ಬರು ನೇರವಾಗಿ ನಮ್ಮನ್ನೇ ಕೇಳಿದರು.

ಪ್ರಶ್ನೆ ನ್ಯಾಯವಾದುದು. ಕೇಳಿದವರ ಮನಸ್ಸಿನಲ್ಲಿ ಮತ್ಸರವಿರಲಿಲ್ಲ, ಮಠದ ಬಗೆಗಿನ ಕಾಳಜಿ ಇತ್ತು. ಆದುದರಿಂದ ಉತ್ತರವನ್ನೂ ಅಷ್ಟೇ ನೇರವಾಗಿ ಕೊಡುವುದು ನಮ್ಮ ಕರ್ತವ್ಯ. ಆ ವ್ಯಾಯಾಮಕ್ಕೆ ನಮ್ಮ ಒಪ್ಪಿಗೆ ಇದೆ, ಆದರೆ ಕೆಲವು ಕಟ್ಟಳೆಗಳೊಡನೆ. ಆ ಒಪ್ಪಿಗೆಗೂ ಕಟ್ಟಳೆಗಳಿಗೂ ಕಾರಣಗಳನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಈ ವ್ಯಾಯಾಮವನ್ನು ಇಲ್ಲಿಗೆ ತಂದವರು ನಿವೃತ್ತ ಶಿಕ್ಷಕರೊಬ್ಬರು. ಅವರು ಸಿಂಗಾಪುರದಲ್ಲಿರುವ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಕಳೆದ ಆಷಾಢದಲ್ಲಿ ಊರಿಗೆ ಮರಳಿದರು. ಅಲ್ಲಿ ಬಹುಮಹಡಿ ಮನೆಗಳ ಕೆಳಗಿನ ಬಯಲಿನಲ್ಲಿ ಚೀನೀ ಮೂಲದ ವೃದ್ಧರು ಪ್ರತಿದಿನ ಮುಂಜಾನೆ ಒಟ್ಟಾಗಿ ಇದನ್ನು ಮಾಡುತ್ತಿದ್ದರಂತೆ. ಭಾಷೆ ತಿಳಿಯದ ಊರಿನಲ್ಲಿ ಮಾತಿಗೆ ಜೊತೆಯಿಲ್ಲದ ಈ ಶಿಕ್ಷಕರು ಅವರ ಹಿಂದಿನ ಸಾಲಿನಲ್ಲಿ ನಿಂತು ನೋಡಿ ನೋಡಿ ಕಲಿತರು. ಬಾಗಲವಾಡದ ನಮ್ಮ ಚಿಕಿತ್ಸಾಲಯಕ್ಕೆ ಬಂದು ಮಾಡಿ ತೋರಿಸಿದಾಗ ನಾವು ನಕ್ಕೆವು. “ಚರಕ, ಸುಶ್ರುತರ ನಾಡಿನಲ್ಲಿ ಇದರ ಅಗತ್ಯವಿಲ್ಲ ಗುರುಗಳೇ” ಎಂದು ಕಳುಹಿಸಿಬಿಟ್ಟೆವು.

ಅದೇ ದಿನಗಳಲ್ಲಿ ಎಪ್ಪತ್ತರ ಸಮೀಪದ ಒಬ್ಬ ತಾಯಿ ನಮ್ಮ ಬಳಿಗೆ ಚಿಕಿತ್ಸೆಗೆ ಬರುತ್ತಿದ್ದರು. ಹತ್ತು ವರ್ಷಗಳಿಂದ ಮಧುಮೇಹ. ಎಡಭುಜ ಹಿಡಿದುಕೊಂಡು ಕೈ ಮೇಲೇಳದು. ಆಯುರ್ವೇದದಲ್ಲಿ ಇದನ್ನು ಅಪಬಾಹುಕ ಎನ್ನುತ್ತೇವೆ. ಇಂದಿನ ವೈದ್ಯರು ಹೆಪ್ಪುಗಟ್ಟಿದ ಭುಜ ಎನ್ನುತ್ತಾರೆ. ಮಧುಮೇಹಿಗಳಲ್ಲಿ ಇದು ಇತರರಿಗಿಂತ ಹೆಚ್ಚು. ಆ ತಾಯಿಗೆ ಹಗಲಿನ ನೋವಾಗಲಿ ರಾತ್ರಿಯ ನಿದ್ರೆಗೇಡಾಗಲಿ ದೊಡ್ಡ ದುಃಖವಾಗಿರಲಿಲ್ಲ. ಬಾಲ್ಯದಿಂದ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕಣ್ಣಿನ ನೇರಕ್ಕೆ ಎತ್ತಿ, ದೃಷ್ಟಿ ನೆಟ್ಟು ಪೂಜಿಸಿದವರು ಈಗ ಮೊಣಕಾಲ ಮೇಲೆ ತಲೆದಿಂಬನ್ನಿಟ್ಟು ಅದರ ಮೇಲೆ ಕೈಯೂರಿ, ಕತ್ತು ಬಗ್ಗಿಸಿ ನೋಡಬೇಕಾಗಿತ್ತು. “ಲಿಂಗ ಮೇಲೇರಲಿಲ್ಲ, ನಾನೇ ಕೆಳಗಿಳಿದೆ ಡಾಕ್ಟರೇ” ಎಂದು ಅವರು ಕಣ್ಣೊರೆಸಿಕೊಂಡರು.

ನಾವು ತೈಲ ಕೊಟ್ಟೆವು, ಶಾಖ ಕೊಟ್ಟೆವು, ಒಳಗೆ ಔಷಧಿಯನ್ನೂ ಕೊಟ್ಟೆವು. ಅದರೊಡನೆ “ಕೈಗೆ ವಿಶ್ರಾಂತಿ ಕೊಡಿ, ಎತ್ತುವ ಸಾಹಸ ಬೇಡ” ಎಂಬ ಮಾತನ್ನೂ ಹೇಳಿದೆವು. ಆ ಮಾತೇ ತಪ್ಪಾಯಿತು. ಮೂರು ತಿಂಗಳ ವಿಶ್ರಾಂತಿಯಲ್ಲಿ ನೋವು ತುಸು ತಗ್ಗಿತು, ಆದರೆ ಭುಜ ಇನ್ನಷ್ಟು ಬಿಗಿಯಿತು. ಕೀಲನ್ನು ಸುತ್ತಿರುವ ಪೊರೆಯು ಚಲನೆಯಿಲ್ಲದಿದ್ದರೆ ಕುಗ್ಗುತ್ತದೆ. ಕುಗ್ಗಿದ ಪೊರೆ ಚಲನೆಯನ್ನು ಮತ್ತೂ ತಡೆಯುತ್ತದೆ. ಎಣ್ಣೆ ಹಚ್ಚಿ ಶಾಖ ಕೊಟ್ಟ ಚರ್ಮದ ಚೀಲವನ್ನು ಮೆದುವಾಗಿರುವಾಗಲೇ ಎಳೆದು ಮಡಚದೆ ಮೂಲೆಯಲ್ಲಿಟ್ಟರೆ ಅದು ಪುನಃ ಸೆಟೆಯುವುದು ಸಹಜ. ಮೂರೂವರೆ ದಶಕದ ವೈದ್ಯವೃತ್ತಿಯ ನಂತರವೂ ನಾವು ಅಭ್ಯಂಗ, ಸ್ವೇದನಗಳಿಗೆ ಕೊಟ್ಟ ಗಮನವನ್ನು ಚಲನೆಗೆ ಕೊಟ್ಟಿರಲಿಲ್ಲ.

ಹಸ್ತದಿಂದ ಗೋಡೆಯನ್ನು ಹತ್ತುವ ಸಾಮಾನ್ಯ ವ್ಯಾಯಾಮವನ್ನು ಅವರಿಗೆ ಹೇಳಿಕೊಟ್ಟೆವು. ಒಂದು ವಾರ ಮಾಡಿ ಬಿಟ್ಟರು. “ಒಬ್ಬಳೇ ಗೋಡೆಯ ಮುಂದೆ ನಿಂತರೆ ಮನಸ್ಸು ಬಾರದು” ಎಂದರು. ಆಗ ಶಿಕ್ಷಕರು ತೋರಿಸಿದ ಮೊದಲನೆಯ ಚಲನೆ ನೆನಪಾಯಿತು. ನಕ್ಕವರು ನಾವೇ ಅವರ ಮನೆಗೆ ಹೋಗಿ ಕರೆದುಕೊಂಡು ಬಂದೆವು. ಕಾರ್ತಿಕದಲ್ಲಿ ಪೂಜ್ಯರ ಅನುಮತಿ ಪಡೆದು ಮಠದ ಅಂಗಳದಲ್ಲಿ ಐದು ಜನರಿಂದ ಇದು ಆರಂಭವಾಯಿತು.

ಬಾದುವಾನ್‌ಜಿನ್ ಎಂದರೆ ಜರತಾರಿ ರೇಷ್ಮೆಯ ಎಂಟು ತುಣುಕುಗಳೆಂಬ ಅರ್ಥ ಬರುತ್ತದೆ. ಇದರಲ್ಲಿ ಎಂಟು ಚಲನೆಗಳಿವೆ. ಮೊದಲನೆಯದರಲ್ಲಿ ಬೆರಳುಗಳನ್ನು ಹೆಣೆದು ಅಂಗೈಗಳನ್ನು ಮೇಲಕ್ಕೆ ತಿರುಗಿಸಿ ಆಕಾಶವನ್ನು ಹೊತ್ತಂತೆ ಎತ್ತುವುದು. ಎರಡನೆಯದರಲ್ಲಿ ಕಾಲುಗಳನ್ನು ಅಗಲಿಸಿ ತುಸು ಕುಳಿತಂತೆ ನಿಂತು, ಬಿಲ್ಲಿನ ಹೆದೆಯನ್ನೆಳೆದಂತೆ ಎಡಕ್ಕೂ ಬಲಕ್ಕೂ ಎದೆ ಬಿಚ್ಚುವುದು. ಮೂರನೆಯದರಲ್ಲಿ ಒಂದು ಕೈ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಒತ್ತುವುದು. ನಾಲ್ಕನೆಯದು ಕತ್ತನ್ನು ತಿರುಗಿಸಿ ಹಿಂದಕ್ಕೆ ನೋಡುವುದು. ಐದನೆಯದು ತೊಡೆಗಳ ಮೇಲೆ ಕೈಯೂರಿ ಮುಂಡವನ್ನು ಎಡಬಲಕ್ಕೆ ತೂಗುವುದು. ಆರನೆಯದು ಬೆನ್ನು, ಸೊಂಟಗಳ ಮೇಲೆ ಕೈ ಜಾರಿಸುತ್ತ ಪಾದಗಳ ಕಡೆಗೆ ಬಾಗಿ ಏಳುವುದು. ಏಳನೆಯದು ಮುಷ್ಟಿ ಬಿಗಿದು, ಕಣ್ಣರಳಿಸಿ, ಒಂದೊಂದೇ ಕೈಯನ್ನು ಮುಂದಕ್ಕೆ ಚಾಚುವುದು. ಎಂಟನೆಯದು ಬೆರಳ ತುದಿಯ ಮೇಲೆ ನಿಂತು ಹಿಮ್ಮಡಿಗಳನ್ನು ನೆಲಕ್ಕಿಳಿಸುವುದು. ಇವೆಲ್ಲವೂ ನಿಧಾನ, ಎಲ್ಲವೂ ಉಸಿರಿನ ಜೊತೆಗೆ. ಒಂದು ಸುತ್ತಿಗೆ ಕಾಲು ಗಂಟೆಯೂ ಬೇಕಾಗುವುದಿಲ್ಲ. ಉಪಕರಣವಿಲ್ಲ, ವಿಶೇಷ ಉಡುಪಿಲ್ಲ. ಸೀರೆಯುಟ್ಟ ತಾಯಂದಿರೂ ಧೋತರದ ಹಿರಿಯರೂ ಹಾಗೆಯೇ ಮಾಡಬಹುದು. ನೆಲದ ಮೇಲೆ ಕುಳಿತು ಏಳಬೇಕಾದ ಕಷ್ಟವಿಲ್ಲ.

ಇದರ ಇತಿಹಾಸ ದೀರ್ಘವಾದುದು. ಚೀನಾದ ಚಾಂಗ್‌ಶಾ ನಗರದ ಮಾವಾಂಗ್‌ದುಯ್ ಎಂಬಲ್ಲಿ 1973ರಲ್ಲಿ ಅಗೆದ ಸಮಾಧಿಯೊಂದರಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬರೆದ ಚಿತ್ರವೊಂದು ದೊರೆಯಿತು. ಆ ಸಮಾಧಿಯ ಕಾಲ ಕ್ರಿ.ಪೂ. 168. ಚಿತ್ರದಲ್ಲಿ ಗಂಡಸರೂ ಹೆಂಗಸರೂ ಸೇರಿ 44 ಆಕೃತಿಗಳು ಬಾಗುತ್ತ, ಚಾಚುತ್ತ ನಿಂತಿವೆ. ಬಾದುವಾನ್‌ಜಿನ್ ಎಂಬ ಹೆಸರು 12ನೆಯ ಶತಮಾನದ ಹಾಂಗ್ ಮಾಯ್ ಎಂಬ ಲೇಖಕನ ಸಂಗ್ರಹದಲ್ಲಿ ಬರುತ್ತದೆ. ನಮ್ಮ ಶರಣರ ಕಾಲವೂ ಅದೇ ಶತಮಾನವೆಂಬುದು ಕೇವಲ ಕಾಕತಾಳೀಯ. ಚಿಗಾಂಗ್ ಎಂಬ ಹೆಸರು ಮಾತ್ರ ಚಿಕಿತ್ಸಾ ಪದ್ಧತಿಯ ಹೆಸರಾಗಿ ಹಬ್ಬಿದುದು 1950ರ ದಶಕದಿಂದೀಚೆಗೆ. 2003ರಲ್ಲಿ ಚೀನಾದ ಕ್ರೀಡಾ ಆಡಳಿತವು ಹಳೆಯ ಪದ್ಧತಿಗಳಲ್ಲಿ ನಾಲ್ಕನ್ನು ಆರಿಸಿ, ಕ್ರಮಗೊಳಿಸಿ ಜನಸಾಮಾನ್ಯರಿಗಾಗಿ ಪ್ರಚಾರಪಡಿಸಿತು. ಬಾದುವಾನ್‌ಜಿನ್ ಅವುಗಳಲ್ಲಿ ಒಂದು.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳಲೇಬೇಕು. ಆಕ್ಷೇಪಿಸಿದವರಿಗೆ ಸಮಾಧಾನ ಹೇಳಲು ಕೆಲವು ಯುವಕರು, “ಇದು ಮೂಲತಃ ನಮ್ಮದೇ, ದಕ್ಷಿಣ ಭಾರತದ ಬೋಧಿಧರ್ಮನು ಅಲ್ಲಿಗೆ ಹೋಗಿ ಕಲಿಸಿದನು” ಎಂದು ಮೊಬೈಲಿನಲ್ಲಿ ಬಂದ ಕಥೆಯನ್ನು ಹಂಚತೊಡಗಿದ್ದಾರೆ. ಆ ಕಥೆ ‘ಯಿಜಿನ್‌ಜಿಂಗ್’ ಎಂಬ ಬೇರೊಂದು ವ್ಯಾಯಾಮ ಗ್ರಂಥಕ್ಕೆ ಅಂಟಿಕೊಂಡಿರುವುದು. ಆ ಗ್ರಂಥವು ಬೋಧಿಧರ್ಮನ ಕಾಲಕ್ಕಿಂತ ಸಾವಿರ ವರ್ಷಗಳ ಈಚಿನದೆಂದೂ ಅದರ ಮುನ್ನುಡಿಗಳು ಕೃತಕವೆಂದೂ ಚೀನಾದ ಇತಿಹಾಸಕಾರರೇ ತೋರಿಸಿದ್ದಾರೆ. ನಮ್ಮದಲ್ಲದ್ದನ್ನು ನಮ್ಮದೆಂದು ಹೇಳಿ ಒಪ್ಪಿಸುವ ಅಗತ್ಯವೇನು? ಒಳ್ಳೆಯದಾದರೆ ಅವರದೆಂದೇ ಹೇಳಿ ಸ್ವೀಕರಿಸೋಣ. ಸಾಲ ಪಡೆದವನು ಸಾಲವೆಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯ. 1980ರ ದಶಕದಲ್ಲಿ ಚೀನಾದಲ್ಲಿ ಚಿಗಾಂಗಿನ ಹುಚ್ಚು ಹರಡಿತು. ಅಂಗೈಯಿಂದ ಶಕ್ತಿ ಹಾಯಿಸಿ ರೋಗ ನೀಗಿಸುವೆವೆಂಬ ಗುರುಗಳು ಎದ್ದರು, ಸಭಾಂಗಣಗಳು ತುಂಬಿದವು, ಔಷಧಿ ಬಿಟ್ಟವರೂ ಇದ್ದರು. ಕೈಕಾಲು ಆಡಿಸುವ ಸರಳ ಅಭ್ಯಾಸವು ಪವಾಡದ ವ್ಯಾಪಾರವಾದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಚಲನೆಗಳ ಸಾಂಪ್ರದಾಯಿಕ ಹೆಸರುಗಳಲ್ಲಿಯೂ ಇಂಥ ದೊಡ್ಡ ಮಾತುಗಳಿವೆ. ಎಂಟನೆಯದಕ್ಕೆ ನೂರು ರೋಗಗಳನ್ನು ಓಡಿಸುವುದೆಂಬ ಹೆಗ್ಗಳಿಕೆ ಇದೆ. ಹಿಮ್ಮಡಿ ಎತ್ತಿ ಇಳಿಸಿದರೆ ಮೀನಖಂಡ ಬಲವಾಗುತ್ತದೆ, ಸಮತೋಲನ ಸುಧಾರಿಸುತ್ತದೆ. ನೂರು ರೋಗಗಳು ಓಡುವುದಿಲ್ಲ. ನಮ್ಮ ಆಯುರ್ವೇದದ ಹೆಸರಿನಲ್ಲಿಯೂ ಇಂಥ ಜಾಹೀರಾತುಗಳು ದಿನವೂ ಕಾಣುವುದರಿಂದ ಈ ಮಾತನ್ನು ಹೇಳುವ ಹೊಣೆ ನಮ್ಮ ಮೇಲೆ ಇಮ್ಮಡಿಯಾಗಿದೆ.

ಆಯುರ್ವೇದದ ದೃಷ್ಟಿಯಿಂದ ಇದನ್ನು ಹೇಗೆ ನೋಡಬೇಕು? ಚೀನೀಯರ ‘ಚಿ’ ಎಂದರೆ ನಮ್ಮ ಪ್ರಾಣವಾಯುವೇ, ಅವರ ಮೂರು ಕುಂಡಗಳೆಂದರೆ ನಮ್ಮ ತ್ರಿದೋಷಗಳೇ ಎಂದು ಸುಲಭವಾಗಿ ಸಮೀಕರಿಸುವವರಿದ್ದಾರೆ. ನಾವು ಹಾಗೆ ಹೇಳಲಾರೆವು. ಎರಡು ಶಾಸ್ತ್ರಗಳು ಎರಡು ಬೇರೆ ಲೆಕ್ಕಗಳಲ್ಲಿ ದೇಹವನ್ನು ಓದಿವೆ. ಆದರೆ ಒಂದು ಮಾತಿನಲ್ಲಿ ಅವು ಸಂಧಿಸುತ್ತವೆ. ಅದು ಮಿತ. ನಮ್ಮ ಸಂಹಿತೆಗಳಲ್ಲಿ ದಿನಚರ್ಯೆಯ ಭಾಗವಾಗಿ ವ್ಯಾಯಾಮವನ್ನು ಹೇಳುವಾಗ ಅರ್ಧಶಕ್ತಿಯವರೆಗೆ ಮಾತ್ರ ಎಂಬ ಗಡಿಯನ್ನು ಹಾಕಿದ್ದಾರೆ. ಸುಶ್ರುತರು ಆ ಗಡಿಯ ಗುರುತನ್ನೂ ತಿಳಿಸಿದ್ದಾರೆ. ಹೃದಯದಲ್ಲಿನ ವಾಯು ಬಾಯಿಗೆ ಬಂದಂತಾದಾಗ, ಅಂದರೆ ಬಾಯಿಯಿಂದ ಉಸಿರಾಡಬೇಕೆನಿಸಿದಾಗ, ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡುವುದೂ ಅದರ ಲಕ್ಷಣವೇ. ಅತಿಯಾದರೆ ಬಾಯಾರಿಕೆ, ಕೆಮ್ಮು, ಜ್ವರ, ವಾಂತಿಗಳು ಬರುತ್ತವೆಂದು ಹಿರಿಯರು ಎಚ್ಚರಿಸಿದ್ದಾರೆ. ವಾಗ್ಭಟರು ಈ ಅರ್ಧಶಕ್ತಿಯ ಪ್ರಮಾಣವನ್ನೂ ಬಲವಂತರಿಗೆ, ಜಿಡ್ಡಿನ ಆಹಾರ ಉಣ್ಣುವವರಿಗೆ, ಚಳಿಗಾಲ ಮತ್ತು ವಸಂತಕ್ಕೆ ಹೇಳಿ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಇರಲಿ ಎಂದಿದ್ದಾರೆ. ನಮ್ಮ ರಾಯಚೂರಿನ ಬೇಸಗೆಗೆ ಇದಕ್ಕಿಂತ ಹೊಂದುವ ಸಲಹೆ ಬೇರೆ ಯಾವುದು? ಗರಡಿಯಲ್ಲಿ ಗುಂಡುಕಲ್ಲು ಎತ್ತುವುದು ಇಪ್ಪತ್ತರ ಹರೆಯಕ್ಕೆ ಸಲ್ಲುತ್ತದೆ. ಅರುವತ್ತೈದರ ದೇಹಕ್ಕೆ ಅರ್ಧಶಕ್ತಿಯನ್ನು ಮೀರದ ವ್ಯಾಯಾಮ ಬೇಕು. ಈ ಎಂಟು ಚಲನೆಗಳು ಆ ಅಳತೆಗೆ ಸರಿಯಾಗಿ ಹೊಂದುತ್ತವೆ.

“ನಾವು ದುಡಿಯುವ ಜನ, ಹೊಲದ ಕಾಯಕವೇ ವ್ಯಾಯಾಮ” ಎಂಬ ಮಾತನ್ನು ಭಕ್ತರು ಹೆಮ್ಮೆಯಿಂದ ಹೇಳುತ್ತಾರೆ. ಕಾಯಕದ ಹಿರಿಮೆಯನ್ನು ಪ್ರಶ್ನಿಸುವವರು ನಾವಲ್ಲ. ಆದರೆ ವೈದ್ಯನ ಕಣ್ಣಿನಿಂದ ಅದನ್ನು ಸ್ವಲ್ಪ ನೋಡಿ. ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಾಗಿನಿಂದ ನಮ್ಮ ತಾಯಂದಿರು ಭತ್ತದ ನಾಟಿಯಲ್ಲಿ ದಿನಗಟ್ಟಲೆ ಸೊಂಟ ಬಗ್ಗಿಸುತ್ತಾರೆ. ಮೆಣಸಿನಕಾಯಿ ಬಿಡಿಸುವಾಗ, ಹತ್ತಿ ಬಿಡಿಸುವಾಗ, ಕಳೆ ತೆಗೆಯುವಾಗ ಕೈ ಮುಂದಕ್ಕೇ, ಬೆನ್ನು ಮುಂದಕ್ಕೇ, ಕತ್ತು ಕೆಳಕ್ಕೇ. ಇಡೀ ದಿನದ ದುಡಿಮೆಯಲ್ಲಿ ತಲೆಯ ಮೇಲಕ್ಕೆ ಕೈ ಎತ್ತುವ, ಎದೆ ಬಿಚ್ಚುವ, ಹಿಂದಕ್ಕೆ ತಿರುಗಿ ನೋಡುವ ಕೆಲಸ ಎಷ್ಟಿದೆ? ಶ್ರಮ ದೇಹವನ್ನು ಒಂದೇ ಕಡೆಗೆ ಬಾಗಿಸುತ್ತದೆ, ವ್ಯಾಯಾಮ ಅದನ್ನು ಇನ್ನೊಂದು ಕಡೆಗೂ ಒಯ್ಯುತ್ತದೆ.  ನಮ್ಮ ಬೆನ್ನಿಗೆ ಸ್ವಲ್ಪ ಕರುಣೆಯಾದರೂ ಬೇಡವೇ? ಕಾಯಕ ನಡೆಯಬೇಕಾದರೆ ಕಾಯ ನೆಟ್ಟಗಿರಬೇಕು.

ಇನ್ನು, ಇದು ವಿದೇಶದ್ದೆಂಬ ಆಕ್ಷೇಪ. ನಮ್ಮ ಕನ್ನಡ ನಾಡು ದೇಹಸಾಧನೆಯಲ್ಲಿ ಬಡವಾಗಿಲ್ಲ. ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದರು. ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮದ ರಾಘವೇಂದ್ರ ಸ್ವಾಮೀಜಿಯವರು ವ್ಯಾಯಾಮ, ಯೋಗ, ಆಯುರ್ವೇದಗಳನ್ನು ಹಳ್ಳಿಯ ಬಡವರ ಬಾಗಿಲಿಗೆ ಒಯ್ದರು. ಕೃಷ್ಣಮಾಚಾರ್ಯರ ಶಿಷ್ಯರಲ್ಲಿ ಒಬ್ಬರು ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ಯರು. ಅವರು ತೊಂಬತ್ತು ದಾಟಿದ ಮೇಲೆ 2011ರಲ್ಲಿ ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗಿ ಅಲ್ಲಿಯ ಜನರಿಗೆ ಯೋಗ ಕಲಿಸಿದರು. 2015ರ ಮೇ ತಿಂಗಳಲ್ಲಿ ಉಭಯ ದೇಶಗಳ ಪ್ರಧಾನಿಗಳ ಸಮ್ಮುಖದಲ್ಲಿ ಬೀಜಿಂಗಿನ ಸ್ವರ್ಗ ದೇವಾಲಯದ ಆವರಣದಲ್ಲಿ ಯೋಗ ಮತ್ತು ಅವರ ತಾಯ್‌ಚಿ ಜೊತೆಯಾಗಿ ಪ್ರದರ್ಶನಗೊಂಡವು. ಕನ್ನಡ ನಾಡಿನಲ್ಲಿ ಹುಟ್ಟಿದವರಿಂದ ಯೋಗ ಕಲಿತ ಚೀನೀಯರು ಚೀನೀಯರಾಗಿಯೇ ಉಳಿದರು. ಅವರಿಂದ ಕೈ ಎತ್ತುವುದನ್ನು ಕಲಿತರೆ ನಮ್ಮ ಶಿವಯೋಗ ಮುಕ್ಕಾಗುವುದೇ? ಗಡಿಯಲ್ಲಿ ಸೈನಿಕರು ಎದುರುಬದುರಾಗಿ ನಿಂತಿದ್ದುದನ್ನು ನಾವು ಮರೆತಿಲ್ಲ. ಆದರೆ ಮಂಡಿನೋವಿಗೆ ಗಡಿಯ ಪರಿವೆಯಿಲ್ಲ.

ಯೋಗಾಸನವಿರುವಾಗ ಇದೇಕೆ ಎಂಬ ಪ್ರಶ್ನೆಗೂ ಉತ್ತರ ಸರಳ. ಯೋಗ ಮಾಡಬಲ್ಲವರು ಯೋಗವನ್ನೇ ಮಾಡಲಿ. ಮೊದಲ ಚಲನೆಗೂ ಕೈ ಮೇಲೆತ್ತಿದ ತಾಡಾಸನಕ್ಕೂ, ಆರನೆಯದಕ್ಕೂ ಪಾದಹಸ್ತಾಸನಕ್ಕೂ ಬಹಳ ದೂರವಿಲ್ಲ. ಆದರೆ ಜೂನ್ 21ರ ಯೋಗ ದಿನದಂದು ಜಮಖಾನೆಯ ಮೇಲೆ ಕುಳಿತು ಏಳಲಾಗದೆ ಮರುದಿನದಿಂದ ಬಿಟ್ಟುಬಿಟ್ಟ ಹಿರಿಯರನ್ನು ನಾವು ಬಹಳ ನೋಡಿದ್ದೇವೆ. ಕೆಳಗೆ ಕೂರಲಾಗದವರಿಗೆ ನಿಂತೇ ಮಾಡುವ ಬಾಗಿಲೊಂದು ತೆರೆದಿರಲಿ ಎಂಬಷ್ಟೇ ನಮ್ಮ ಅಭಿಪ್ರಾಯ.

ಇಂದಿನ ವೈದ್ಯಶಾಸ್ತ್ರ ಏನು ಹೇಳುತ್ತದೆ? ಬಾದುವಾನ್‌ಜಿನ್ ಕುರಿತ ಅಧ್ಯಯನಗಳು ಹೆಚ್ಚಾಗಿ ಚೀನಾದಲ್ಲಿಯೇ ನಡೆದಿವೆ. ಅನೇಕವು ಚಿಕ್ಕವು. ಸಮತೋಲನ, ನಿದ್ರೆ, ಕೀಲುಗಳ ಸಡಿಲತೆಗೆ ಇದು ಸಹಾಯಕವೆಂಬ ಸೂಚನೆಗಳಿವೆ, ಕೊನೆಯ ಮಾತು ಇನ್ನೂ ಬಂದಿಲ್ಲ. ಇದರ ಬಂಧುವಾದ ತಾಯ್‌ಚಿಗೆ ಆಧಾರ ಇನ್ನೂ ಬಲವಾಗಿದೆ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯು 2019ರ ತನ್ನ ಮಾರ್ಗಸೂಚಿಯಲ್ಲಿ ಮಂಡಿ ಮತ್ತು ಸೊಂಟದ ಕೀಲುಸವೆತಕ್ಕೆ ಅದನ್ನು ಬಲವಾಗಿ ಶಿಫಾರಸು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಚಟುವಟಿಕೆಯನ್ನು ಹೇಳಿ, 65 ದಾಟಿದವರಿಗೆ ವಾರದಲ್ಲಿ ಕನಿಷ್ಠ 3 ದಿನ ಸಮತೋಲನ ಮತ್ತು ಬಲವನ್ನು ಬೆಳೆಸುವ ವ್ಯಾಯಾಮವಿರಲಿ ಎಂದಿದೆ. ಹಿರಿಯರಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡವರ ಗತಿಯನ್ನು ಕಂಡವರಿಗೆ ‘ಸಮತೋಲನ’ ಎಂಬ ಪದದ ಬೆಲೆ ತಿಳಿದಿದೆ.

ಈಗ ಕಟ್ಟಳೆಗಳ ಮಾತು. ಇವನ್ನು ಭಕ್ತರು ದಯವಿಟ್ಟು ಎರಡು ಬಾರಿ ಓದಬೇಕು.

ಮೊದಲನೆಯದು ನಮ್ಮ ನೆಲಕ್ಕೇ ಸಂಬಂಧಿಸಿದ್ದು. ರಾಯಚೂರು ಜಿಲ್ಲೆಯ ಅನೇಕ ಗ್ರಾಮಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎಂಬುದು ಭಾರತೀಯ ಮಾನಕ. ವರ್ಷಾನುಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮುಂದೆ ಬೆನ್ನುಹುರಿಯ ಸುತ್ತಲಿನ ಕಟ್ಟುಗಳು ಗಟ್ಟಿಯಾಗಿ ಬೆನ್ನು ಬಿದಿರಿನಂತೆ ಸೆಟೆಯುತ್ತದೆ. ಇದನ್ನು ವಾತವೆಂದು ತಿಳಿದು ಎಣ್ಣೆ ಹಚ್ಚಿ ಎಳೆದಾಡುವವರಿದ್ದಾರೆ. ಅಂಥ ಬೆನ್ನನ್ನು ಬಲವಂತವಾಗಿ ಬಾಗಿಸಿದರೆ ಅಪಾಯ. ಯಾವ ದೇಶದ ವ್ಯಾಯಾಮವೂ ಅದನ್ನು ಗುಣಪಡಿಸದು. ಅದಕ್ಕೆ ಬೇಕಾದುದು ನೀರಿನ ಪರೀಕ್ಷೆ ಮತ್ತು ಬೇರೆ ನೀರು. ಹಲ್ಲಿನ ಕಲೆಯೂ ಬೆನ್ನಿನ ಬಿಗಿತವೂ ಜೊತೆಗಿರುವವರು, ಕಾಲುಗಳಲ್ಲಿ ಜೋಮು ಅಥವಾ ನಡಿಗೆಯಲ್ಲಿ ದೌರ್ಬಲ್ಯವಿರುವವರು ಮೊದಲು ಎಕ್ಸ್-ರೇ ತೆಗೆಸಿ ವೈದ್ಯರನ್ನು ಕಾಣಲಿ. ಅಲ್ಲಿಯವರೆಗೆ ನಾಲ್ಕು, ಐದು, ಆರು ಮತ್ತು ಎಂಟನೆಯ ಚಲನೆಗಳು ಅವರಿಗೆ ಬೇಡ.

ಎರಡನೆಯದು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಮತ್ತು ಕಣ್ಣಿನ ಒತ್ತಡದ ಕಾಯಿಲೆ ಇರುವವರು ತಲೆ ಕೆಳಗೆ ಬಾಗಿಸುವ ಆರನೆಯದನ್ನು ಬಿಡಲಿ, ಏಳನೆಯದರಲ್ಲಿ ಉಸಿರು ಬಿಗಿಹಿಡಿಯದಿರಲಿ. ಮೂಳೆ ಸವೆದವರು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟದೆ ಮೆಲ್ಲನೆ ಇಳಿಸಲಿ. ಮಂಡಿನೋವಿನವರು ಎರಡನೆಯದನ್ನೂ ಐದನೆಯದನ್ನೂ ನೆಟ್ಟಗೆ ನಿಂತೇ ಅಥವಾ ಕುರ್ಚಿಯ ಮೇಲೆ ಕುಳಿತು ಮಾಡಲಿ. ತಲೆ ತಿರುಗುವವರ ಮುಂದೆ ಹಿಡಿಯಲು ಕುರ್ಚಿಯ ಬೆನ್ನು ಇರಲಿ.

ಮೂರನೆಯದು, ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಬರಬಾರದು. ಜೇಬಿನಲ್ಲಿ ಸ್ವಲ್ಪ ಸಕ್ಕರೆ ಅಥವಾ ಬೆಲ್ಲವಿರಲಿ. ವ್ಯಾಯಾಮ ಆರಂಭಿಸಿದೆವೆಂದು ಯಾರೂ ತಮ್ಮ ಮಾತ್ರೆಗಳನ್ನು, ನಮ್ಮದಾಗಲಿ ಅಲೋಪಥಿಯದಾಗಲಿ, ತಾವಾಗಿಯೇ ನಿಲ್ಲಿಸಬಾರದು. ಎದೆನೋವು, ಎಡಗೈ ಸೆಳೆತ, ಏಕಾಏಕಿ ಬೆವರು ಬಂದರೆ ಅದು ಅರ್ಧಶಕ್ತಿಯ ಲಕ್ಷಣವಲ್ಲ, ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ.

ನಾಲ್ಕನೆಯದು, ನಮ್ಮ ಭಾಗದಲ್ಲಿ ಚೈತ್ರದಿಂದ ಜ್ಯೇಷ್ಠದವರೆಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಸೂರ್ಯೋದಯದ ಒಳಗೆ ಮುಗಿಯಬೇಕು. ಎಂಟರಲ್ಲಿ ನಾಲ್ಕನ್ನೇ ಮಾಡಿದರೂ ಸಾಕು. ಹೊಸಬರು ಮೊದಲ ಹದಿನೈದು ದಿನ ಒಂದನೆಯ, ಮೂರನೆಯ ಚಲನೆಗಳನ್ನು ಮೂರು ಮೂರು ಸಲ ಮಾಡಲಿ. ನೋವು ಆರಂಭವಾಗುವ ಜಾಗಕ್ಕಿಂತ ಕೂದಲೆಳೆಯಷ್ಟು ಹಿಂದೆಯೇ ನಿಲ್ಲಲಿ. ಪಕ್ಕದವರ ಕೈ ಎಷ್ಟು ಮೇಲೇರಿತೆಂದು ನೋಡುವ ಅಗತ್ಯವಿಲ್ಲ.

ಆ ತಾಯಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ಕಾರ್ತಿಕದಲ್ಲಿ ಅವರ ಎಡಗೈ ಎದೆಯ ಮಟ್ಟ ದಾಟುತ್ತಿರಲಿಲ್ಲ. ಮೊದಲ ದಿನಗಳಲ್ಲಿ ಬಲಗೈ ಎಡಗೈಯನ್ನು ಹೊತ್ತು ಮೇಲೆತ್ತುತ್ತಿತ್ತು. ಎಣ್ಣೆ ಮತ್ತು ಶಾಖವನ್ನು ಮುಂಚೆಯೇ ಮುಗಿಸಿ, ಭುಜ ಬೆಚ್ಚಗಿರುವಾಗಲೇ ಅಂಗಳಕ್ಕೆ ಬರುತ್ತಿದ್ದರು. ಒಂಟಿಯಾಗಿ ಗೋಡೆಯ ಮುಂದೆ ನಿಲ್ಲದವರು ಸಾಲಿನಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಚೈತ್ರದ ಹೊತ್ತಿಗೆ ಒಂದು ಮುಂಜಾನೆ ಅವರು ತಲೆದಿಂಬನ್ನು ಪಕ್ಕಕ್ಕಿಟ್ಟು, ಇಷ್ಟಲಿಂಗವನ್ನು ಕಣ್ಣಿನ ನೇರಕ್ಕೆ ಎತ್ತಿ ಪೂಜಿಸಿದರೆಂದು ಅವರ ಸೊಸೆ ಬಂದು ತಿಳಿಸಿದರು. ಇದು ಚೀನೀ ವ್ಯಾಯಾಮದ ಪವಾಡವೆಂದು ನಾವು ಹೇಳುವುದಿಲ್ಲ. ಇಂಥ ಭುಜವು ಅನೇಕರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಸಡಿಲುವುದುಂಟು. ಅವರ ಸಕ್ಕರೆಯ ಪ್ರಮಾಣವೂ ಆ ತಿಂಗಳುಗಳಲ್ಲಿ ಹತೋಟಿಗೆ ಬಂದಿತ್ತು. ತೈಲದ ಪಾಲೆಷ್ಟು, ಕಾಲದ ಪಾಲೆಷ್ಟು, ಚಲನೆಯ ಪಾಲೆಷ್ಟು ಎಂದು ಬೇರ್ಪಡಿಸಲು ಒಬ್ಬ ರೋಗಿಯ ಕಥೆ ಸಾಲದು. ಆದರೆ ನಮ್ಮ ವಿಶ್ರಾಂತಿಯ ಸಲಹೆಯಿಂದ ಆ ಕೈ ಕೆಳಗೇ ಉಳಿದಿತ್ತು, ಸಾಲಿನಲ್ಲಿ ನಿಂತ ಮೇಲೆ ಅದು ಏಳತೊಡಗಿತು ಎಂಬುದನ್ನು ನಾವು ಮರೆಯಲಾರೆವು.

ಆದುದರಿಂದ ಭಕ್ತರಲ್ಲಿ ನಮ್ಮ ಬಿನ್ನಹ ಇಷ್ಟು. ಬೆಳಗಿನ ಈ ಕಾಲು ಗಂಟೆ ಅಂಗಳದಲ್ಲಿ ಮುಂದುವರಿಯಲಿ. ಇದಕ್ಕೆ ಶುಲ್ಕವಿರಬಾರದು, ಇದನ್ನು ಕಲಿಸುವವರಿಗೆ ಗುರುವೆಂಬ ಪಟ್ಟವಿರಬಾರದು. ಚೀನಾದ್ದೆಂದು ಮುಚ್ಚಿಡುವುದೂ ಬೇಡ, ಚೀನಾದ್ದೆಂದು ಮೆರೆಸುವುದೂ ಬೇಡ. ಯೋಗ ಮಾಡುವವರು ಪಕ್ಕದಲ್ಲಿಯೇ ಯೋಗ ಮಾಡಲಿ. ಸೇರಬಯಸುವವರು ಮೊದಲು ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳಲಿ. ಬಾಗಲವಾಡದಲ್ಲಿ ನಮ್ಮ ಬಳಿಗೆ ಬಂದರೆ ಮಠದ ಭಕ್ತರಿಗೆ ಈ ಪರೀಕ್ಷೆಯನ್ನು ನಾವು ಉಚಿತವಾಗಿ ಮಾಡಿಕೊಡುತ್ತೇವೆ. ಬರುವಾಗ ತಮ್ಮ ಮನೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಲು ಮರೆಯಬೇಡಿ.

ಆಕ್ಷೇಪಿಸಿದ ಹಿರಿಯರಿಗೂ ಒಂದು ಮಾತು. ತಾವು ಒಂದು ದಿನ ಬೆಳಗ್ಗೆ ಬಂದು ಕಟ್ಟೆಯ ಮೇಲೆ ಕುಳಿತು ನೋಡಬೇಕು. ಮಾಡಬೇಕೆಂಬ ಒತ್ತಾಯವಿಲ್ಲ. ನಾವೂ ಮೊದಲು ನಕ್ಕವರೇ. ಈಗ ಹಿಂದಿನ ಸಾಲಿನಲ್ಲಿ, ಶಿಕ್ಷಕರ ಬೆನ್ನನ್ನು ನೋಡುತ್ತ, ಅರ್ಧಶಕ್ತಿಯವರೆಗೆ ಕೈ ಎತ್ತುತ್ತಿದ್ದೇವೆ. ನಮ್ಮ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಇನ್ನೂ ಇದೆ.